ದೆಹಲಿ ಬಾಗಿಲಿನ ಎದುರು ಅದರ ಹಳೆಯ ಚಿತ್ರ ನಿಲ್ಲಿಸಿ

ಕರ್ನಾಟಕದ ಕೋಟೆಗಳ ಹಾಗೂ ಸಂಗ್ರಹಾಲಯಗಳ ಉಸ್ತುವಾರಿ ಹೊತ್ತಿರುವ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಬೆಂಗಳೂರು ಕೋಟೆಯ ದೆಹಲಿ ಬಾಗಿಲಿನ ಬಳಿ ನಿಂತಿದ್ದೆ. ಪಕ್ಕದಲ್ಲಿ ಫೋಟೊ ತೆಗೆಯುತ್ತಿದ್ದ ಕಾಲೇಜು ಹುಡುಗನೊಬ್ಬ, “ಸರ್, ಇದರಲ್ಲಿ ಕೋಟೆಯ ಒಳಗಡೆ ಯಾವುದು, ಹೊರಗಡೆ ಯಾವುದು?” ಎಂದು ಕೇಳಿದ. ಅವನ ಪ್ರಶ್ನೆಯಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಬಾಗಿಲಿನ ಎರಡು ಬದಿಯ ಗೋಡೆ ಸ್ವಲ್ಪ ದೂರಕ್ಕೇ ನಿಂತುಹೋಗಿ, ಅಲ್ಲಿಂದಾಚೆ ಮಾರುಕಟ್ಟೆ, ಆಸ್ಪತ್ರೆ, ಮೇಲುಸೇತುವೆ, ಬಸ್ಸುಗಳ ಗದ್ದಲ ಶುರುವಾಗುವುದರಿಂದ, ಮುಳ್ಳುಮೊಳೆ ಹೊಡೆದ ಆ ಭಾರಿ ಕದಗಳು ಯಾರನ್ನು ತಡೆಯಲು, ಯಾವ ದಿಕ್ಕಿಗೆ ಮುಚ್ಚಿಕೊಳ್ಳುತ್ತಿದ್ದವು ಎಂಬುದು ನೋಡಿದವರಿಗೆ ಹೊಳೆಯುವ ಹಾಗೇ ಇಲ್ಲ. ನಾನು ಬಾಯಲ್ಲಿ ವಿವರಿಸುವ ಬದಲು ಮೊಬೈಲಿನಲ್ಲಿದ್ದ 1791ರ ಮುತ್ತಿಗೆಯ ನಕ್ಷೆಯನ್ನೂ, ಅದೇ ಕಾಲದ ಒಂದು ಚಿತ್ರವನ್ನೂ ತೋರಿಸಿದೆ. ಮೊಟ್ಟೆಯಾಕಾರದ ಕೋಟೆ, ಸುತ್ತ ಕಂದಕ, ಉತ್ತರದ ತುದಿಯಲ್ಲಿ ಪೇಟೆಗೆ ಮುಖ ಮಾಡಿದ ಈ ಬಾಗಿಲು, ದಕ್ಷಿಣದ ತುದಿಯಲ್ಲಿ ಈಗಿಲ್ಲದ ಮೈಸೂರು ಬಾಗಿಲು. ಹುಡುಗ ಒಂದು ಸಲ ಪರದೆಯನ್ನು, ಒಂದು ಸಲ ಬಾಗಿಲನ್ನು ನೋಡಿ, ತಾನು ಅಷ್ಟು ಹೊತ್ತೂ ನಿಂತಿದ್ದದ್ದು ಕೋಟೆಯ ಒಳಗೆ ಎಂದು ಅರ್ಥ ಮಾಡಿಕೊಂಡ. ಈ ಪತ್ರ ಹುಟ್ಟಿದ್ದು ಅಲ್ಲಿಂದ.

ನನ್ನ ಮೊದಲ ಕೋರಿಕೆ ಇದು. ಎರಡು ಶತಮಾನಗಳ ಹಿಂದೆ ನಮ್ಮ ಕೋಟೆಗಳನ್ನು ಕಂಡು ಬರೆದ ಮತ್ತು ಕಾಣದೆ ಬರೆದ ಮುದ್ರಿತ ಚಿತ್ರಗಳ ಒಳ್ಳೆಯ ಪ್ರತಿಗಳನ್ನು, ಆಯಾ ಕೋಟೆಯ ಬಳಿ, ಸಾಧ್ಯವಾದ ಕಡೆಗಳಲ್ಲಿ ಚಿತ್ರಗಾರ ನಿಂತ ಜಾಗದಲ್ಲೇ, ದೊಡ್ಡದಾಗಿ ನಿಲ್ಲಿಸಬೇಕು. ಅದರ ಕೆಳಗೆ ಯಾರು ಬರೆದರು, ಯಾವಾಗ ಬರೆದರು, ಯಾರಿಗಾಗಿ ಬರೆದರು ಎಂಬುದನ್ನು ಕನ್ನಡದಲ್ಲಿ ಮುಚ್ಚುಮರೆಯಿಲ್ಲದೆ ಹೇಳಬೇಕು. ನಾನು ಇತಿಹಾಸಕಾರನಲ್ಲ, ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಟ್ಟಡಗಳ ನಕ್ಷೆ ಬರೆದು ನಿವೃತ್ತನಾದವನು. ಒಂದು ಚಿತ್ರ ಎಲ್ಲಿ ಅಳತೆಗೆ ನಿಷ್ಠವಾಗಿರುತ್ತದೆ, ಎಲ್ಲಿ ನೋಡುವವನ ಮರ್ಜಿ ಹಿಡಿಯುತ್ತದೆ ಎಂಬುದರ ಮೇಲೆ ಮಾತ್ರ ನನಗೆ ಸ್ವಲ್ಪ ಹಿಡಿತವಿದೆ.

ಈ ಚಿತ್ರಗಳಲ್ಲಿ ಹೆಚ್ಚಿನವು ಹುಟ್ಟಿದ್ದು 1790–92ರಲ್ಲಿ ಟಿಪ್ಪುವಿಗೂ ಇಂಗ್ಲಿಷರಿಗೂ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ. ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯದ ಜೊತೆ ನಮ್ಮ ಸೀಮೆಗೆ ಬಂದವರಲ್ಲಿ ರಾಬರ್ಟ್ ಹೋಮ್ ವೃತ್ತಿಯಿಂದಲೇ ಚಿತ್ರಗಾರ; ಅವನು ಸ್ಥಳದಲ್ಲೇ ಬರೆದುಕೊಂಡ ಚಿತ್ರಗಳು 1794ರಲ್ಲಿ ಲಂಡನ್ನಿನಲ್ಲಿ ಸಂಪುಟವಾಗಿ ಬಂದವು. ಅದೇ ವರ್ಷ ಇಪ್ಪತ್ತು ಚಿತ್ರಗಳ ಸಂಪುಟ ತಂದ ಅಲೆಕ್ಸಾಂಡರ್ ಅಲನ್ ಮದರಾಸು ಪದಾತಿಯ ಅಧಿಕಾರಿ. (ಇದೇ ಅಲನ್ 1799ರಲ್ಲಿ ಬಿಳಿ ಬಾವುಟ ಹಿಡಿದು ಶ್ರೀರಂಗಪಟ್ಟಣದ ಅರಮನೆಯೊಳಗೆ ಹೋಗಿ ಟಿಪ್ಪುವಿನ ಮಕ್ಕಳನ್ನು ಶರಣಾಗುವಂತೆ ಒಪ್ಪಿಸಿದವನು.) ಹನ್ನೆರಡು ಚಿತ್ರಗಳ ಸಂಪುಟದ ರಾಬರ್ಟ್ ಕೋಲ್‌ಬ್ರೂಕ್ ಭೂಮಾಪಕ, ಮುಂದೆ ಬಂಗಾಳದ ಸರ್ವೇಯರ್ ಜನರಲ್ ಆದವನು. ಜೇಮ್ಸ್ ಹಂಟರ್ ಫಿರಂಗಿ ದಳದ ಲೆಫ್ಟಿನೆಂಟ್. ನಾಲ್ವರಲ್ಲಿ ಮೂವರು ಮುತ್ತಿಗೆ ಹಾಕಿದ ಸೈನ್ಯದ ಸಂಬಳ ಉಂಡವರು ಎಂಬುದನ್ನು ಚಿತ್ರ ನೋಡುವವರು ಮೊದಲು ತಿಳಿದಿರಬೇಕು. ಭೂಮಾಪಕ ಬರೆದ ಕೋಟೆಯಲ್ಲಿ ಕಂದಕದ ಅಂಚು, ಕೊತ್ತಲದ ತಿರುವು, ಗೋಡೆಯ ಬುಡ ಎಲ್ಲ ಸ್ಪಷ್ಟವಾಗಿದ್ದರೆ ಅದು ನಮ್ಮ ಶಿಲ್ಪದ ಮೇಲಿನ ಪ್ರೀತಿಯಿಂದಲ್ಲ, ಎಲ್ಲಿ ಒಡೆಯಬಹುದು ಎಂದು ನೋಡಿದ ಕಣ್ಣಿನಿಂದ. ಆದರೂ ಆ ಕಣ್ಣು ಸುಳ್ಳು ಹೇಳಲು ಕಾರಣ ಕಡಿಮೆ. ತಪ್ಪಾದರೆ ಜೀವ ಹೋಗುವುದು ಅವರದೇ. ನಕ್ಷೆ ಬರೆಯುವವನಾಗಿ ನಾನು ಈ ಚಿತ್ರಗಳನ್ನು ಹೆಚ್ಚು ನಂಬುವುದು ಇದೇ ಕಾರಣಕ್ಕೆ.

ನಂಬಿಕೆಗೆ ಒಂದು ಎಲ್ಲೆಯೂ ಇದೆ. ಸ್ಥಳದಲ್ಲಿ ಬರೆದ ಪೆನ್ಸಿಲ್ ಗೆರೆ, ತೆಳುವಾಗಿ ಬಳಿದ ನೀರುಬಣ್ಣ ಹಡಗಿನಲ್ಲಿ ಲಂಡನ್ನಿಗೆ ಹೋಗಿ, ಹಿಂದೂಸ್ತಾನವನ್ನು ಕನಸಿನಲ್ಲೂ ಕಾಣದ ಕೆತ್ತನೆಗಾರನ ಕೈಗೆ ಸೇರುತ್ತಿತ್ತು. ಅವನು ತಾಮ್ರದ ತಗಡಿನ ಮೇಲೆ ಎಡಬಲ ಅದಲುಬದಲಾಗಿ ಕೆತ್ತಿದರೆ ಮಾತ್ರ ಕಾಗದದ ಮೇಲೆ ನೇರವಾಗಿ ಮೂಡುತ್ತಿತ್ತು. ಆ ಅಚ್ಚಿಗೆ ಇನ್ನೊಬ್ಬ ಕೂತು ಕೈಯಿಂದ ಬಣ್ಣ ತುಂಬುತ್ತಿದ್ದ. ಒಂದು ಅಚ್ಚನ್ನು ಭೂತಗನ್ನಡಿ ಹಿಡಿದು ನೋಡಿದರೆ ಆಕಾಶದ ನೀಲಿ ಬುರುಜಿನ ತೆನೆಯ (ಗೋಡೆಯ ತುದಿಯ ಹಲ್ಲುಸಾಲಿನ) ಮೇಲೆ ಒಂದಿಷ್ಟು ಹರಿದಿರುವುದು, ಒಂದೇ ಮರಕ್ಕೆ ಎರಡು ಪ್ರತಿಗಳಲ್ಲಿ ಎರಡು ಹಸಿರು ಇರುವುದು ಕಾಣುತ್ತದೆ. ಚಿತ್ರದ ಅಡಿಯಲ್ಲಿ ಎಡಗಡೆ ಬರೆದವನ ಹೆಸರು, ಬಲಗಡೆ ಕೆತ್ತಿದವನ ಹೆಸರು, ನಡುವೆ ಪ್ರಕಟಿಸಿದವನ ವಿಳಾಸ ಮತ್ತು ತಾರೀಖು, ಇಷ್ಟೂ ಕೂದಲೆಳೆಯ ಅಕ್ಷರಗಳಲ್ಲಿ ಇರುತ್ತವೆ. ನಮ್ಮಲ್ಲಿ ಈ ಚಿತ್ರಗಳನ್ನು ಹೋಟೆಲಿನ ಗೋಡೆಗೋ ಕ್ಯಾಲೆಂಡರಿಗೋ ಹಾಕುವಾಗ ಮೊದಲು ಕತ್ತರಿಸಿ ಎಸೆಯುವುದು ಆ ಒಂದು ಸಾಲನ್ನೇ. ಊರಿನ ಜಮೀನು ಪತ್ರದಿಂದ ಸರ್ವೆ ನಂಬರು ಕತ್ತರಿಸಿ ಎಸೆದ ಹಾಗೆ ಅದು.

ಆ ಸಾಲು ಹೋದರೆ ಏನಾಗುತ್ತದೆ ಎಂಬುದಕ್ಕೆ ಹಂಟರನ ಚಿತ್ರಗಳೇ ಸಾಕ್ಷಿ. ದೆಹಲಿ ಬಾಗಿಲು ಎಂದರೆ ಒಂದೇ ಬಾಗಿಲಲ್ಲ, ಒಂದರ ಹಿಂದೊಂದು ತಿರುವಿನಲ್ಲಿ ಕಟ್ಟಿದ ಬಾಗಿಲುಗಳ ಸಾಲು ಎಂಬುದು ಅವನ ಚಿತ್ರಗಳಿಂದ ತಿಳಿಯುತ್ತದೆ. ಅವುಗಳಲ್ಲಿ ಒಂದಕ್ಕೆ ಮೂರನೆಯ ದೆಹಲಿ ಬಾಗಿಲು ಎಂದೇ ಹೆಸರು. ಕೋಟೆಯೊಳಗೆ ಆಗತಾನೆ ಕಟ್ಟಿ ಮುಗಿಸಿದ್ದ ಟಿಪ್ಪುವಿನ ಮರದ ಅರಮನೆಯನ್ನೂ ಅವನು ಬರೆದಿದ್ದಾನೆ. ಈ ಚಿತ್ರಗಳು ಬಣ್ಣದ ಅಚ್ಚಾಗಿ ಬಂದದ್ದು 1804–05ರಲ್ಲಿ. ಆದರೆ ಹಂಟರ್ ತೀರಿಕೊಂಡದ್ದು 1792ರಲ್ಲಿ! ಹಾಗಾಗಿ “1804ರ ಬೆಂಗಳೂರು” ಎಂಬ ಅಡಿಬರಹದೊಂದಿಗೆ ಎಲ್ಲೆಡೆ ಓಡಾಡುತ್ತಿರುವ ಆ ಬಾಗಿಲು, ನಿಜವಾಗಿ ಕೋಟೆ ಬಿದ್ದ ಹೊಸದರಲ್ಲಿ ಕಂಡ ಬಾಗಿಲು. ಅಷ್ಟೇ ಅಲ್ಲ, ಕೆತ್ತನೆಗಾರ ಗೆರೆ ತಪ್ಪಿದ್ದರೂ ಬಣ್ಣ ಕೆಡಿಸಿದ್ದರೂ ತಿದ್ದಲು ಬರೆದವನು ಬದುಕಿರಲಿಲ್ಲ. ಇಂಥ ಒಂದು ವಾಕ್ಯ ಫಲಕದ ಮೇಲಿದ್ದರೆ ನೋಡುವವರು ಚಿತ್ರವನ್ನು ಇನ್ನೂ ಆಸಕ್ತಿಯಿಂದ ನೋಡುತ್ತಾರೆಯೇ ಹೊರತು ಕೈಬಿಡುವುದಿಲ್ಲ.

ದೆಹಲಿ ಬಾಗಿಲಿನ ಗೋಡೆಯಲ್ಲಿ ಈಗಿರುವ ಹಳೆಯ ಕಲ್ಲುಫಲಕ, ಬ್ರಿಟಿಷರ ಲಗ್ಗೆ ಈ ಒಡಕಿನ ಮೂಲಕ 1791ರ ಮಾರ್ಚ್ 21ರಂದು ನಡೆಯಿತು ಎಂದು ಇಂಗ್ಲಿಷಿನಲ್ಲಿ ಒಂದೇ ವಾಕ್ಯದಲ್ಲಿ ಹೇಳುತ್ತದೆ. ಅದನ್ನು ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ಅದೂ ಈಗ ಇತಿಹಾಸದ ಭಾಗ. ಆದರೆ ಆ ರಾತ್ರಿ ಕೋಟೆಯನ್ನು ಕಾಯುತ್ತ ಸತ್ತ ಕಿಲ್ಲೇದಾರ ಬಹಾದೂರ್ ಖಾನನ ಹೆಸರು ಆ ಫಲಕದಲ್ಲಿಲ್ಲ. ಅದಕ್ಕೆ ಎರಡು ವಾರ ಮೊದಲು, ಮಾರ್ಚ್ 7ರಂದು, ಪೇಟೆಯ ಬಾಗಿಲಿನಲ್ಲಿ ಸತ್ತ ಇಂಗ್ಲಿಷ್ ಅಧಿಕಾರಿ ಮೂರ್‌ಹೌಸ್‌ನ ಸಾವನ್ನು ಹೋಮ್ ದೊಡ್ಡ ತೈಲಚಿತ್ರವಾಗಿ ಬರೆದ. ಅದು ಲಂಡನ್ನಿನ ರಾಷ್ಟ್ರೀಯ ಸೇನಾ ಸಂಗ್ರಹಾಲಯದಲ್ಲಿದೆ. ಒಂದೇ ತಿಂಗಳಲ್ಲಿ, ಕೂಗಳತೆಯ ದೂರದಲ್ಲಿ ನಡೆದ ಎರಡು ಸಾವುಗಳಲ್ಲಿ ಒಂದಕ್ಕೆ ಚಿತ್ರವುಂಟು, ಇನ್ನೊಂದಕ್ಕಿಲ್ಲ. ಫಲಕ ಬರೆಯುವವರು ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಸಾಕು, ಯಾರ ಮೇಲೂ ಆರೋಪ ಹೊರಿಸಬೇಕಾಗಿಲ್ಲ.

ಬೆಟ್ಟದ ಕೋಟೆಗಳ ವಿಷಯ ಇಷ್ಟು ಜಟಿಲವಲ್ಲ. 1791ರ ಅಕ್ಟೋಬರ್ 19ರಂದು ಬಿದ್ದ ನಂದಿದುರ್ಗ, ಡಿಸೆಂಬರ್ 21ರಂದು ಬಿದ್ದ ಸಾವನದುರ್ಗ, ಅದರ ಬೆನ್ನಿಗೇ ಬಿದ್ದ ಹುತ್ರಿದುರ್ಗ, ಇವೆಲ್ಲಕ್ಕೂ ಚಿತ್ರಗಳಿವೆ, ಬಂಡೆಗಳು ಇಂದಿಗೂ ಅಲ್ಲೇ ಇವೆ, ಹೋಲಿಸಿ ನೋಡುವುದು ಸುಲಭ. ಅಂದಿನ ಚಿತ್ರಗಾರರಿಗೆ ಮುಂದುಗಡೆ ಕತ್ತಲೆ, ಒಂದು ಪಕ್ಕದಲ್ಲಿ ಬಾಗಿದ ಮರ, ಹಿಂದೆ ಇರುವುದಕ್ಕಿಂತ ಕಡಿದಾದ ಬೆಟ್ಟ ಬರೆಯುವ ಚಟವಿತ್ತು. ಸಾವನದುರ್ಗದ ಕರಿಗುಡ್ಡ, ಬಿಳಿಗುಡ್ಡಗಳನ್ನು ಬಾಲ್ಯದಿಂದ ಕಂಡ ಮಾಗಡಿ ಕಡೆಯವರು ಆ ಅಚ್ಚುಗಳ ಮುಂದೆ ನಿಂತರೆ, ಎಲ್ಲಿ ಉತ್ಪ್ರೇಕ್ಷೆ ಇದೆ ಎಂದು ನನಗಿಂತ ಚೆನ್ನಾಗಿ ಬೆರಳಿಟ್ಟು ತೋರಿಸಿಯಾರು. ಇಲ್ಲಿ ತೊಂದರೆ ಬೇರೆ, ಅದು ಹೆಸರಿನದು. ಅಚ್ಚುಗಳಲ್ಲಿ ಸಾವನದುರ್ಗವನ್ನು ‘ಸೆವೆರ್ನ್‌ಡ್ರೂಗ್’ ಎಂದೂ ಬರೆದಿದ್ದಾರೆ. ಅದೇ ಹೆಸರಿನಲ್ಲಿ ಹುಡುಕಿದರೆ 1755ರಲ್ಲಿ ಕಮೊಡೋರ್ ಜೇಮ್ಸ್ ಹಿಡಿದ ಕೊಂಕಣ ಕರಾವಳಿಯ ಸುವರ್ಣದುರ್ಗದ ಚಿತ್ರಗಳು ಬರುತ್ತವೆ. ಆ ವಿಜಯದ ನೆನಪಿಗೆ ಲಂಡನ್ನಿನಲ್ಲಿ ಕಟ್ಟಿದ ಗೋಪುರವೂ ಬರುತ್ತದೆ. ಸಮುದ್ರದ ನಡುವಿನ ಕೋಟೆಯನ್ನು ಮಾಗಡಿಯ ಬೆಟ್ಟದ ಕೋಟೆ ಎಂದು ಹಂಚಿಕೊಂಡವರನ್ನು ನಾನೇ ಕಂಡಿದ್ದೇನೆ. ನಂದಿ, ಹುತ್ರಿ, ಶಿವಗಂಗೆ, ಹೊಸೂರು, ರಾಯಕೋಟೆ ಎಲ್ಲಕ್ಕೂ ಇಂಥ ತಿರುಚಿದ ಎರಡು ಮೂರು ಹೆಸರುಗಳಿವೆ. ಹಳೆಯ ಹೆಸರು ಎದುರಿಗೆ, ಕನ್ನಡದ ಹೆಸರು ಪಕ್ಕಕ್ಕೆ ಇಟ್ಟು ಒಂದು ಪಟ್ಟಿ ಮಾಡಿ ಎಲ್ಲರಿಗೂ ಸಿಗುವಂತೆ ಇಡುವುದು ಒಬ್ಬ ಗುಮಾಸ್ತರ ಕೆಲವು ವಾರಗಳ ಕೆಲಸ.

ಸೆರೆಮನೆಯ ಮಾತಿಗೆ ಬಂದರೆ ಪೆನ್ನು ನಿಧಾನವಾಗುತ್ತದೆ. ಶ್ರೀರಂಗಪಟ್ಟಣದಲ್ಲಿ ನದಿಯ ಕಡೆಗೆ ಕೋಟೆಗೋಡೆಯ ಬದಿಗೆ, ನೆಲಮಟ್ಟಕ್ಕಿಂತ ಕೆಳಗೆ, ಇಟ್ಟಿಗೆಯ ಕಮಾನುಗಳ ಮೇಲೆ ಸುಣ್ಣಗಾರೆ ಬಳಿದು ಕಟ್ಟಿದ ಒಂದು ಉದ್ದ ಕಟ್ಟಡವಿದೆ. ಗೋಡೆಯಲ್ಲಿ ತೂತು ಕೊರೆದ ಕಲ್ಲುಗಳು, ಒಳಗೆ ಚಾವಣಿ ಒಡೆದು ಬಿದ್ದದ್ದೆಂದು ಹೇಳುವ ಒಂದು ಫಿರಂಗಿ. ಊರವರ ಬಾಯಲ್ಲಿ ಅದು ‘ಕರ್ನಲ್ ಬೇಲಿ ಬಂದೀಖಾನೆ’. (ಬೇಲಿ ಎಂಬ ಪದಕ್ಕೆ ಕನ್ನಡದಲ್ಲಿರುವ ಅರ್ಥದಿಂದ, ಅದು ಬೇಲಿ ಹಾಕಿದ ಸೆರೆಮನೆ ಎಂದೇ ಮಕ್ಕಳು ತಿಳಿಯುತ್ತಾರೆ.) ಕರ್ನಲ್ ವಿಲಿಯಂ ಬೇಲಿ 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನ ಕದನದಲ್ಲಿ ಹೈದರನಿಗೆ ಸೆರೆಸಿಕ್ಕಿ, 1782ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದಲ್ಲೇ ಸತ್ತದ್ದು ನಿಜ. ಅದೇ ಕದನದಲ್ಲಿ ಸಿಕ್ಕಿಬಿದ್ದ ಕ್ಯಾಪ್ಟನ್ ಡೇವಿಡ್ ಬೇರ್ಡ್ ಸುಮಾರು ಮೂರೂಮುಕ್ಕಾಲು ವರ್ಷ ಬೇಡಿಯಲ್ಲಿ ಕಳೆದು, 1784ರ ಮಂಗಳೂರು ಒಪ್ಪಂದದ ನಂತರ ಬಿಡುಗಡೆಯಾದದ್ದೂ, 1799ರ ಮೇ 4ರಂದು ಅದೇ ಊರಿನ ಮೇಲಿನ ಅಂತಿಮ ಲಗ್ಗೆಯ ಮುಂದಾಳಾದದ್ದೂ ನಿಜ. ಖೈದಿಯೇ ಗೆದ್ದು ಮರಳಿದ ಈ ಕಥೆ ಲಂಡನ್ನಿನ ಚಿತ್ರ ವ್ಯಾಪಾರಕ್ಕೆ ಸಕ್ಕರೆಯಂತೆ ಒದಗಿತು.

1800ರಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತರ ಆಸುಪಾಸಿನ ಯುವಕ ಶ್ರೀರಂಗಪಟ್ಟಣದ ಪತನವನ್ನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಬರೆದು ಲಂಡನ್ನಿನಲ್ಲಿ ಟಿಕೆಟ್ ಇಟ್ಟು ತೋರಿಸಿದ. ಅವನು ಕಾವೇರಿಯನ್ನು ಕಂಡವನೇ ಅಲ್ಲ. ಆ ಬಟ್ಟೆ ಉಳಿಯಲಿಲ್ಲ, ಅದರಿಂದ ಕೆತ್ತಿದ ದೊಡ್ಡ ಅಚ್ಚುಗಳು ಉಳಿದವು; ನಮ್ಮ ಪಠ್ಯಪುಸ್ತಕಗಳ ಮತ್ತು ಪತ್ರಿಕೆಗಳ ಕಣ್ಣಿಗೆ ಶ್ರೀರಂಗಪಟ್ಟಣದ ಲಗ್ಗೆ ಎಂದರೆ ಬಹುಮಟ್ಟಿಗೆ ಆ ಅಚ್ಚುಗಳೇ. ಇನ್ನೂ ಕುತೂಹಲದ್ದು 1839ರಲ್ಲಿ ಡೇವಿಡ್ ವಿಲ್ಕಿ ಮುಗಿಸಿದ ತೈಲಚಿತ್ರ. ರಾತ್ರಿ, ದೀಪದ ಬೆಳಕು, ಟಿಪ್ಪುವಿನ ದೇಹ ಸಿಕ್ಕಿದ ಬಾಗಿಲು, ನಡುವೆ ಎತ್ತರಕ್ಕೆ ನಿಂತ ಬೇರ್ಡ್. ಸಾವಕಾಶವಾಗಿ ಕೆಳಗೆ ನೋಡಿದರೆ ಅವನ ಕಾಲ ಬುಡದಲ್ಲಿ ಒಂದು ನೆಲಮಾಳಿಗೆಯ ಸರಳಿನ ಜಾಲರಿ ಕಾಣುತ್ತದೆ: ಒಮ್ಮೆ ಅವನೇ ಬಿದ್ದಿದ್ದ ಸೆರೆಯ ಕಿಂಡಿ ಎಂಬ ಸೂಚನೆ. ಈ ಚಿತ್ರ ಬರೆಸಿದವಳು ಬೇರ್ಡನ ವಿಧವೆ. ವಿಲ್ಕಿಯೂ ಇಲ್ಲಿಗೆ ಬಂದವನಲ್ಲ. ಘಟನೆ ನಡೆದು ನಲವತ್ತು ವರ್ಷಗಳ ಮೇಲೆ, ಕಥೆ ಒಂದು ಚೌಕಟ್ಟಿನಲ್ಲಿ ಮುಗಿಯಲಿ ಎಂದು ಇಟ್ಟ ಜಾಲರಿ ಅದು. ಇತ್ತ ಸೆರೆಯಿಂದ ಬದುಕಿ ಬಂದವರು ಬರೆದಿಟ್ಟ ನೆನಪುಗಳಲ್ಲಿ ಅಂಗಳ, ಜಗಲಿ, ದಿನಕ್ಕಿಷ್ಟು ಹಣವೆಂದು ಸಿಗುತ್ತಿದ್ದ ಪಡಿಯ ಮಾತು ಬರುತ್ತದೆ. ಸ್ಥಳದಲ್ಲಿ ನಿಂತು ಬರೆದ ಆ ನಾಲ್ವರಲ್ಲಿ ಯಾರೂ ಆ ಸೆರೆಯಲ್ಲಿ ಕೂತವರಲ್ಲ. ಅಂದರೆ, ಕೋಟೆಯ ಚಿತ್ರಕ್ಕೆ ಕಂಡವನ ಕಣ್ಣಿದೆ, ಸೆರೆಮನೆಯ ಚಿತ್ರಕ್ಕೆ ಕೇಳಿದವನ ಕಲ್ಪನೆ ಮಾತ್ರ ಇದೆ. ಬಂದೀಖಾನೆಯ ಮುಂದೆ ಫಲಕ ನಿಲ್ಲಿಸುವಾಗ ಈ ವ್ಯತ್ಯಾಸವನ್ನು ಬಿಡದೆ ಹೇಳಬೇಕೆಂಬುದು ನನ್ನ ಎರಡನೆಯ, ಹೆಚ್ಚು ಒತ್ತಿ ಹೇಳುವ ಮನವಿ. ಸೆರೆಯ ಕಷ್ಟವನ್ನು ಕಡಿಮೆ ಮಾಡಿ ತೋರಿಸಿ ಎಂದಲ್ಲ. ಬೇಡಿ ಬೇಡಿಯೇ, ಅಲ್ಲಿ ಸತ್ತವರು ಸತ್ತವರೇ.

ಮತ್ತು ಆ ಮನವಿಗೆ ಬೇಕಾದ ಸಾಕ್ಷಿ ಬಂದೀಖಾನೆಯಿಂದ ಸ್ವಲ್ಪವೇ ದೂರದಲ್ಲಿ, ಟಿಪ್ಪುವಿನ ಬೇಸಿಗೆ ಅರಮನೆಯಾದ ದರಿಯಾ ದೌಲತ್‌ನ ಪಶ್ಚಿಮ ಗೋಡೆಯ ಮೇಲಿದೆ. ಟಿಪ್ಪು 1784ರಲ್ಲಿ ಬರೆಸಿದ ಪೊಳ್ಳಿಲೂರಿನ ಕದನದಲ್ಲಿ ಇದೇ ಬೇಲಿ ಇದ್ದಾನೆ. ಸುತ್ತ ಕೆಂಪು ಅಂಗಿಯ ಸಿಪಾಯಿಗಳು ಚೌಕಾಕಾರವಾಗಿ ನಿಂತಿದ್ದಾರೆ, ಮದ್ದಿನ ಬಂಡಿ ಹೊತ್ತಿ ಸಿಡಿಯುತ್ತಿದೆ, ನಡುವೆ ಪಲ್ಲಕ್ಕಿಯಲ್ಲಿ ಕೂತ ಬೇಲಿ ಬೆರಳನ್ನು ಬಾಯಿಗಿಟ್ಟುಕೊಂಡಿದ್ದಾನೆ. ಅಚ್ಚರಿಯಾದರೂ ದಿಗಿಲಾದರೂ ಮೂಗಿನ ಮೇಲೆ ಬೆರಳಿಡುವ, ಬೆರಳು ಕಚ್ಚುವ ನಮ್ಮ ಜನಕ್ಕೆ ಆ ಭಂಗಿಯನ್ನು ಯಾರೂ ವಿವರಿಸಬೇಕಿಲ್ಲ. ಗೆದ್ದ ಟಿಪ್ಪುವಿನ ಚಿತ್ರದಲ್ಲಿ ಸೋತ ಬೇಲಿ, ಗೆದ್ದ ಬೇರ್ಡನ ಚಿತ್ರದಲ್ಲಿ ಸತ್ತ ಟಿಪ್ಪು: ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಬಲ್ಲ ಊರು ಜಗತ್ತಿನಲ್ಲಿ ಶ್ರೀರಂಗಪಟ್ಟಣವೊಂದೇ. ನಮ್ಮ ಗೋಡೆಚಿತ್ರವೂ ಪರಿಶುದ್ಧ ಸಾಕ್ಷಿಯಲ್ಲ ಎಂಬುದನ್ನೂ ಅಲ್ಲೇ ಹೇಳಬೇಕು. ಅದಕ್ಕೆ ಒಮ್ಮೆ ಸುಣ್ಣ ಬಳಿದಿದ್ದರು. ಪತನದ ನಂತರ ಅಲ್ಲಿ ವಾಸಕ್ಕಿದ್ದ ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ದುರಸ್ತಿ ಮಾಡಿಸಿದ. 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ ಮತ್ತೆ ಬಣ್ಣ ಕಟ್ಟಿದರು. ಅಂದರೆ ಇಂಗ್ಲಿಷರ ಸೋಲಿನ ಚಿತ್ರವನ್ನು ಉಳಿಸಿದ್ದು ಇಂಗ್ಲಿಷರೇ, ಆ ಉಳಿಸುವಿಕೆಯಲ್ಲಿ ಎಷ್ಟು ಗೆರೆ ಹಳೆಯದು ಎಂಬ ಪ್ರಶ್ನೆ ನೋಡುವವರ ಮನಸ್ಸಿನಲ್ಲಿ ಏಳುವುದು ಒಳ್ಳೆಯದೇ.

ಒಂದು ಎಚ್ಚರಿಕೆಯನ್ನು ಸೇರಿಸದಿದ್ದರೆ ನನ್ನ ವೃತ್ತಿಗೆ ದ್ರೋಹವಾದೀತು. ಕೋಟೆ ದುರಸ್ತಿಯ ಮಾತು ಬಂದಾಗಲೆಲ್ಲ ಯಾರಾದರೂ ಹಳೆಯ ಚಿತ್ರವೊಂದನ್ನು ತಂದು, “ಇಲ್ಲಿ ತೆನೆ ಹೀಗಿದೆ, ಹಾಗೇ ಕಟ್ಟೋಣ” ಎನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೈಯಗಲದ ಅಚ್ಚಿನಲ್ಲಿ ಒಂದು ತೆನೆ ಎಂದರೆ ಉಳಿಯ ಮೊನೆಯ ಎರಡು ಗೀಟು. ಅದರಿಂದ ಕಲ್ಲಿನ ಅಳತೆ ಹೊರಡುವುದಿಲ್ಲ, ಇಟ್ಟಿಗೆಯೋ ಕಲ್ಲೋ ಎಂಬುದೂ ಹೊರಡುವುದಿಲ್ಲ. ಬಾಗಿಲು ಯಾವ ಕಡೆಗಿತ್ತು, ಕಂದಕಕ್ಕೆ ಸೇತುವೆ ಎಲ್ಲಿತ್ತು, ಕೊತ್ತಲಗಳ ನಡುವೆ ದಿಡ್ಡಿ ಬಾಗಿಲು ಇತ್ತೇ ಎಂಬಂಥ ಪ್ರಶ್ನೆಗಳಿಗೆ ಚಿತ್ರ ಮತ್ತು ಮುತ್ತಿಗೆಯ ನಕ್ಷೆ ಒಟ್ಟಾಗಿ ಉತ್ತರ ಕೊಡಬಲ್ಲವು. ಅಲ್ಲಿಗೆ ನಿಲ್ಲಿಸಬೇಕು. ಬಿದ್ದ ಬುರುಜನ್ನು ಚಿತ್ರದ ಪ್ರಕಾರ ಹೊಸದಾಗಿ ಕಟ್ಟಿದರೆ ಬುರುಜೂ ಹೋಯಿತು, ಚಿತ್ರದ ಸಾಕ್ಷ್ಯವೂ ಹೋಯಿತು.

ಖರ್ಚಿನ ಮಾತು ಬರುತ್ತದೆಂದು ಬಲ್ಲೆ. ಈ ಅಚ್ಚುಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬ್ರಿಟಿಷ್ ಕಲಾ ಕೇಂದ್ರದಲ್ಲಿ ಇವೆ. ಇನ್ನೂರು ವರ್ಷ ದಾಟಿದ ಇವುಗಳಿಗೆ ಹಕ್ಕುಸ್ವಾಮ್ಯದ ಕಾಟವಿಲ್ಲ, ಹಲವಕ್ಕೆ ಒಳ್ಳೆಯ ಡಿಜಿಟಲ್ ಪ್ರತಿಗಳು ಸಿಗುತ್ತವೆ. ದರಿಯಾ ದೌಲತ್‌ನ ಒಳಗೇ ಹಳೆಯ ಅಚ್ಚುಗಳೂ ರೇಖಾಚಿತ್ರಗಳೂ ಇವೆ. ರೈಲು ಹಳಿಯ ದಾರಿಗೆ ಅಡ್ಡ ಬಂದ ಶ್ರೀರಂಗಪಟ್ಟಣದ ಮದ್ದಿನಮನೆಯನ್ನು 2017ರಲ್ಲಿ ಇಡಿಯಾಗಿ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಉಳಿಸಿಕೊಂಡ ನಾಡು ನಮ್ಮದು. ಅದರ ಮುಂದೆ ಒಂದು ಚಿತ್ರಫಲಕ ಎಷ್ಟರ ಮಾತು? ಬಿಸಿಲಿಗೆ ಬಣ್ಣ ಬಿಡದ ಎನಾಮಲ್ ತಗಡು, ಸೊಂಟದ ಎತ್ತರಕ್ಕೆ ಓರೆಯಾಗಿ ಕೂರಿಸಿದ ಚೌಕಟ್ಟು, ಚಿತ್ರದ ಅಡಿಯ ಆ ಸಣ್ಣ ಅಕ್ಷರದ ಸಾಲನ್ನು ಕತ್ತರಿಸದೆ ಉಳಿಸಿದ ಮುದ್ರಣ, ಕೆಳಗೆ ಎಂಟು ಹತ್ತು ಸಾಲು ಕನ್ನಡ. ಆ ಕನ್ನಡದಲ್ಲಿ ಬುರುಜು, ಕೊತ್ತಲ, ಕಂದಕ, ತೆನೆ, ದಿಡ್ಡಿ, ಬತೇರಿ ಎಂಬ ಕೋಟೆಯ ಮಾತುಗಳೇ ಇರಲಿ. ಇಂಗ್ಲಿಷ್ ಫಲಕವನ್ನು ಬರೆದು ಆಮೇಲೆ ಅನುವಾದಿಸುವ ಪದ್ಧತಿಯನ್ನು ಇದೊಂದು ಕಡೆ ತಿರುಗಿಸಿ ನೋಡೋಣ.

ಎಲ್ಲ ಕೋಟೆಗಳಿಗೂ ಒಮ್ಮೆಲೇ ಮಾಡಬೇಕೆಂದು ನಾನು ಕೇಳುವುದಿಲ್ಲ. ಮೊದಲ ಫಲಕ ದೆಹಲಿ ಬಾಗಿಲಿಗೆ ಬರಲಿ, ಹೊರಬದಿಗೆ, ಪೇಟೆಯಿಂದ ಬರುವವರಿಗೆ ಕಾಣುವ ಹಾಗೆ. ಅದನ್ನು ಎಲ್ಲಿ ನೆಡಬೇಕು ಎಂದು ಹಳೆಯ ಚಿತ್ರ ಮತ್ತು ನಕ್ಷೆಯನ್ನು ಹೊಂದಿಸಿ ಗುರುತು ಹಾಕುವ ದಿನ, ಅಳತೆಯ ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕಾದರೆ ನಾನು ಬರುತ್ತೇನೆ. ಮಾರುಕಟ್ಟೆಯ ಜನಸಂದಣಿ ಏರುವ ಮುನ್ನ, ಬೆಳಿಗ್ಗೆ ಆರಕ್ಕಾದರೆ ಇನ್ನೂ ಅನುಕೂಲ.

ಇತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ನಿವೃತ್ತ ನಕ್ಷೆಗಾರ